ದೊಡ್ಡವ್ವ ಗಾದಿ ಏರಿದ್ದು

ಮೂಳೆ ಮುರಿಯುವ ಸದ್ದು ಅಷ್ಟು ಸಣ್ಣದಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನಮ್ಮ ಸಮಾಜದ ಸಭಾಭವನದಲ್ಲಿ ಹಿರಿಯರೆಲ್ಲ ಕುರ್ಚಿ ಹಾಕಿಕೊಂಡು ಕೂತಿದ್ದರು. ದೊಡ್ಡವ್ವ ನೆಲದ ಮೇಲೆ ಬಿದ್ದಿದ್ದಳು. ನಾನೇ ಅವಳ ಕಣ್ಣಿಗೆ ತೊಡಿಸಿದ ವಿಆರ್ ಹೆಡ್‌ಸೆಟ್ ಕಳಚಿರಲಿಲ್ಲ, ಹಾಗಾಗಿ ಅವಳ ಮಟ್ಟಿಗೆ ಅವಳಿನ್ನೂ ನಮ್ಮ ಹಳೆ ಅಂಗಡಿಯೊಳಗೇ ಇದ್ದಳು. ಒಂದು ಕೈ ಬೆನ್ನ ಹಿಂದೆ ತಡಕಾಡುತ್ತಿತ್ತು. "ಲೋಡ್ ಎಲ್ಲೈತಿ?" ಅಂದಳು. ಒರಗಿಕೊಳ್ಳುವ ದಿಂಬು ಹುಡುಕುತ್ತಿದ್ದಳು.

ದೊಡ್ಡವ್ವ ಅಪ್ಪನ ಅಣ್ಣನ ಹೆಂಡತಿ. ಅವ್ವ ಬೇಗ ತೀರಿಕೊಂಡಿದ್ದರಿಂದ ನನ್ನನ್ನು ಬೆಳೆಸಿದವಳು ಅವಳೇ. ನಮ್ಮದು ಸಾಂಗ್ಲಿ ಪೇಟೆಯಲ್ಲಿ ಅರಿಶಿನದ ಅಡತಿ, ಅಂದರೆ ದಲಾಲಿ ಅಂಗಡಿ, ನಡೆಸಿದ ಮನೆತನ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮರಾಠಿ, ಸಿಟ್ಟು ಬಂದರೆ ಎರಡೂ. ನಾನು ವ್ಯಾಪಾರದ ಕಡೆ ತಲೆ ಹಾಕಲಿಲ್ಲ. ಮಿರಜ ರಸ್ತೆಯ ಬಿಲ್ಡರುಗಳು ಮುಂದೆ ಕಟ್ಟಲಿರುವ ಫ್ಲಾಟುಗಳನ್ನು ವಿಆರ್‌ನಲ್ಲಿ ಈಗಲೇ ಕಟ್ಟಿ, ಗಿರಾಕಿಗಳನ್ನು ಅದರೊಳಗೆ ಓಡಾಡಿಸುವುದು ನನ್ನ ಕೆಲಸ.

ಅದನ್ನು ನೋಡಿದ ಸಮಾಜದ ಹಿರಿಯರೊಬ್ಬರು ಒಂದು ದಿನ ಕೆಣಕಿದರು. "ಇನ್ನೂ ಹುಟ್ಟಲಾರದ ಮನಿ ತೋರಸ್ತಿ. ಸತ್ತ ಪೇಟಿ ತೋರ್ಸಾಕ ಆಗಂಗಿಲ್ಲೇನ ನಿನಗ, ತಂಗಿ?"

ನದಿಯ ನೀರು ಹೊಕ್ಕು ಹಾಳಾದ ಮೇಲೆ ಹಳೆ ಪೇಟೆಯ ನಮ್ಮ ಸಾಲನ್ನು ಕೆಡವಿ ಕಾಂಪ್ಲೆಕ್ಸ್ ಎಬ್ಬಿಸಿದ್ದರು. ಅಲ್ಲಿ ನಮ್ಮವರ ಅಂಗಡಿಗಳಿದ್ದವು ಎಂಬ ಸುಳಿವೂ ಈಗಿನ ಹುಡುಗರಿಗಿಲ್ಲ. ಅವರಿಗಾಗಿ ಆ ಸಾಲನ್ನು ಮತ್ತೆ ಕಟ್ಟಿ ಸಭಾಭವನದಲ್ಲಿ ಇಡುವುದೆಂದು ತೀರ್ಮಾನವಾಯಿತು. ಮೊದಲಿಗೆ ನಮ್ಮ ಅಂಗಡಿಯನ್ನೇ ಎತ್ತಿಕೊಂಡೆ. ಫೋಟೋಗಳು ಬೆರಳೆಣಿಕೆಯಷ್ಟು, ಉಳಿದದ್ದೆಲ್ಲ ಅಪ್ಪನ ನೆನಪು. ಅಪ್ಪನ ನೆನಪು ಅಂದರೆ ತಲೆನೋವು. ಛತ್ರಿ ತೂಗುಹಾಕುತ್ತಿದ್ದ ಮೊಳೆ ಸ್ವಲ್ಪ ಎಡಕ್ಕಿತ್ತು ಎಂದು ಇಡೀ ಗೋಡೆಯನ್ನು ನನ್ನಿಂದ ಬದಲಿ ಮಾಡಿಸಿದರು. ಲೋಡಿನ ಬಟ್ಟೆಗೆ ಅವರು ಒಪ್ಪುವ ಬಿಳುಪು ಸಿಗುವಷ್ಟರಲ್ಲಿ ನನಗೆ ಸಾಕುಬೇಕಾಗಿತ್ತು.

ಅಂಗಡಿಯ ನಡುವೆ ಮೊಣಕಾಲೆತ್ತರದ ಕಟ್ಟೆ, ಅದರ ಮೇಲೆ ಗಾದಿ, ಯಜಮಾನರು ಕೂತು ವ್ಯವಹಾರ ನಡೆಸುವ ಹಾಸು. ಅಜ್ಜ ಕೂತಿದ್ದರು, ಆಮೇಲೆ ದೊಡ್ಡಪ್ಪ, ಆಮೇಲೆ ಅಪ್ಪ. ಅಂಗಡಿ ಖಾಲಿ ಇದ್ದಾಗಲೂ ಬೇರೆ ಯಾರೂ ಅದರ ಮೇಲೆ ಕೂರುತ್ತಿರಲಿಲ್ಲ. ಹೆಂಗಸರಂತೂ ಅಂಗಡಿಗೇ ಕಾಲಿಡುತ್ತಿರಲಿಲ್ಲ. ಮನೆ ಹಿಂದುಗಡೆಯೇ ಇತ್ತು, ನಡುವೆ ಒಂದು ಬಾಗಿಲು, ಅವರ ಲೋಕ ಆ ಬಾಗಿಲಿಗೆ ಮುಗಿಯುತ್ತಿತ್ತು.

ಬಿಲ್ಡರುಗಳ ಕೆಲಸದಲ್ಲಿ ನಾನು ಎಂದೂ ಮರೆಯದ ಒಂದು ಎಚ್ಚರಿಕೆ ಇದೆ. ಒಳಗೆ ಸೋಫಾ ಕಂಡರೆ ಗಿರಾಕಿ ಕೂರಲು ಹೋಗುತ್ತಾನೆ, ಅದಕ್ಕೆ ಹೊರಗೆ ಅದೇ ಜಾಗದಲ್ಲಿ ನಿಜವಾದ ಕುರ್ಚಿ ಇಡಬೇಕು. ಗಾದಿಯ ಜಾಗದಲ್ಲಿ ನಾನು ಏನೂ ಇಡಲಿಲ್ಲ. ಇಡಬೇಕೆಂದು ಹೊಳೆಯಲೂ ಇಲ್ಲ. ಅಜ್ಜನ ಗಾದಿಯ ಮೇಲೆ ಯಾರಾದರೂ ಕೂರುತ್ತಾರೆಯೇ? ಸಭಾಭವನದಲ್ಲಿ ಮೊದಲು ತೋರಿಸಿದ ದಿನ ನೋಡಿದ ಹಿರಿಯರೆಲ್ಲ ಅದಕ್ಕೆ ಕೈಮುಗಿದು ಹಿಂದೆ ಸರಿದರು. ಒಬ್ಬರಂತೂ ಇಲ್ಲದ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟರು. ಎಲ್ಲರೂ ಮನಸಾರೆ ನಕ್ಕೆವು.

ಕೊನೆಗೆ ನಾನು ದೊಡ್ಡವ್ವನ ಕೈಹಿಡಿದು ಎಬ್ಬಿಸಿದೆ.

"ನನಗ್ಯಾಕ ಬೇ? ನಾ ಯಾವಾಗ ಅಂಗಡಿ ನೋಡೇನಿ?" ಅಂದಳು.

"ನೋಡಿಲ್ಲಂತನ ನೋಡಬೇಕು."

"ಹೋಗ್ರಿ ವೈನಿ, ಹುಡುಗಿ ತೋರಸ್ತಾಳ," ಎಂದರು ಅಪ್ಪ, ಅತ್ತಿಗೆಗೆ.

ಹೆಡ್‌ಸೆಟ್ ತೊಡಿಸಿದೆ. ಅವಳಿಗೆ ಕಾಣುತ್ತಿದ್ದುದೆಲ್ಲ ಗೋಡೆಯ ಪರದೆಯ ಮೇಲೆ ನಮಗೂ ಕಾಣುತ್ತಿತ್ತು. ಅರಿಶಿನದ ಚೀಲಗಳ ಕಡೆ, ತಕ್ಕಡಿಯ ಕಡೆ ಅವಳು ತಿರುಗಿಯೂ ನೋಡಲಿಲ್ಲ. ನೆಟ್ಟಗೆ ಗಾದಿಯ ಹತ್ತಿರ ಹೋದಳು. ಯಾರೋ, "ನಮಸ್ಕಾರ ಮಾಡ್ರಿ," ಎಂದು ಹೇಳಿಕೊಟ್ಟರು. ಅವಳು ಗಾದಿಗೆ ಬೆನ್ನು ಮಾಡಿದಳು. ಪರದೆಯ ಮೇಲೆ ಇಡೀ ಅಂಗಡಿ ತಿರುಗಿ, ಎದುರಿಗೆ ಬಾಗಿಲು, ಅದರಾಚೆ ಬೀದಿ ಬಂತು. ಎರಡೂ ಕೈಯಿಂದ ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡು ಕೂತಳು. ಎಡವಿದ್ದಲ್ಲ, ತಲೆ ತಿರುಗಿದ್ದಲ್ಲ. ಯಜಮಾನರು ಕೂರುವ ಹಾಗೆ ಕೂತಳು.

ನಾನು ಕಿರುಚಿದೆನೋ ಇಲ್ಲವೋ ನೆನಪಿಲ್ಲ. ಮೊದಲು ಬಾಯಿ ಬಿಟ್ಟವರು ನನ್ನನ್ನು ಕೆಣಕಿದ್ದ ಅದೇ ಹಿರಿಯರು. "ಗಾದೀವರ ಬಸಲ್ಯಾ," ಎಂದರು ಮರಾಠಿಯಲ್ಲಿ, ಮೆಲ್ಲಗೆ, ಪಕ್ಕದವರಿಗೆ. ಗಾದಿಯ ಮೇಲೆ ಕೂತರಲ್ಲ ಎಂದು. ಎದುರಿಗೆ ಮುದುಕಿಯೊಬ್ಬಳು ಸೊಂಟ ಮುರಿದುಕೊಂಡು ಬಿದ್ದಿದ್ದಾಳೆ, ಅವರು ಬೆಚ್ಚಿದ್ದು ಅವಳು ಗಾದಿ ಏರಿದ್ದಕ್ಕೆ. ಕಪಾಳಕ್ಕೆ ಬಾರಿಸೋಣ ಅನ್ನಿಸಿತು. ಅಪ್ಪನ ಮುಖ ನೋಡಿದೆ, ಅಲ್ಲಿಯೂ ಅದೇ ದಿಗಿಲು ಇತ್ತು.

ಮಿರಜದ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಮತ್ತೆ ನಡೆಯುತ್ತಾಳೋ ಇಲ್ಲವೋ ಈಗಲೇ ಹೇಳಲಾಗದು ಎಂದರು ಡಾಕ್ಟರು. ಮನೆಯಲ್ಲಿ ಒಂದು ಗಳಿಗೆ ಕೂತವಳಲ್ಲ ಅವಳು, ಮಂಚದ ಮೇಲೆ ಅವಳನ್ನು ನೋಡಲು ನನ್ನಿಂದಾಗಲಿಲ್ಲ. ಕಾರಿಡಾರಿನಲ್ಲಿ ಅಥಣಿ ಕಡೆಯಿಂದ ಬಂದವರು ಬುತ್ತಿ ಬಿಚ್ಚಿಕೊಂಡು ಕೂತಿದ್ದರು. ನಾನು ಅವರ ನಡುವೆ ಕೂತು ಅತ್ತೆ. ಅವರಲ್ಲೊಬ್ಬಳು ಏನೂ ಕೇಳದೆ ನನ್ನ ಕೈಗೆ ಅರ್ಧ ರೊಟ್ಟಿ ಇಟ್ಟಳು.

ಮರುದಿನ ತಡೆಯಲಾರದೆ ಕೇಳಿದೆ. "ಅಲ್ಲೆ ಏನೂ ಇಲ್ಲಂತ ಗೊತ್ತಿತ್ತಲ್ಲ ದೊಡ್ಡವ್ವಾ?"

"ಗೊತ್ತಿತ್ತು. ಕುಂದ್ರೂ ಹೊತ್ತಿಗೆ ಮರ್ತೆ."

ತೀರಿಕೊಳ್ಳುವ ಮುಂಚೆ ದೊಡ್ಡಪ್ಪ ಬಹಳ ದಿನ ಹಾಸಿಗೆ ಹಿಡಿದಿದ್ದರು. ಆಗ ಆಳು ಒಳಗೂ ಹೊರಗೂ ಓಡಾಡುತ್ತ, ಬಾಗಿಲ ಹಿಂದೆ ನಿಂತ ದೊಡ್ಡವ್ವ ಹೇಳಿದ ದರವನ್ನು ಯಜಮಾನರ ದರವೆಂದು ಪೇಟೆಗೆ ಹೇಳುತ್ತಿದ್ದನಂತೆ. ನನ್ನ ತಲೆ ಬಾಚುತ್ತ ಅವಳು ಇದನ್ನು ಹೇಳಿ ನಗುತ್ತಿದ್ದಳು. ನಾನೂ ತಮಾಷೆಯ ಕತೆಯೆಂದೇ ಕೇಳಿದ್ದೆ.

ಸಂಜೆ ಅಪ್ಪ ಬಂದರು. ಗಾಬರಿಯಾದಾಗ ಗದರುವುದು ಅವರ ಸ್ವಭಾವ. "ಅಷ್ಟ ಆಶಾ ಇತ್ತಂದ್ರ ಆವಾಗ ಒಂದ್ ಮಾತ ಕೇಳಬೇಕಿತ್ತ್ರಿ ವೈನಿ. ನಾ ಏನ್ ಬ್ಯಾಡ ಅಂತಿದ್ನೇನ?"

"ಕೇಳಿದ್ದೆ," ಅಂದಳು ದೊಡ್ಡವ್ವ.

"ಯಾವಾಗ್ರಿ?" ಅಂದರು ಅಪ್ಪ.

"ನಿಮ್ಮಣ್ಣ ತೀರಿ, ದಿನಕರ್ಮ ಮುಗದ ಮ್ಯಾಲ, ಭಾವೂಜಿ. ಪಡಸಾಲ್ಯಾಗ ಎಲ್ಲಾರೂ ಕುಂತಿದ್ರಿ. ಅಂಗಡಿ ನಾ ನಡಸ್ತೇನಿ ಅಂದೆ. ನೀವು ನಕ್ಕ್ರಿ. ನೀವು ನಕ್ಕಿದ್ದು ನೋಡಿ ಎಲ್ಲಾರೂ ನಕ್ಕರು. ನಾನೂ ನಕ್ಕೆ. ನಕ್ಕು ಚಾ ಮಾಡಾಕ ಒಳಗ ಹೋದೆ."

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಹೇಳಿ ಮುಗಿಸಿ ನೀರು ಕೇಳಿದಳು, ಕುಡಿಸಿದೆ. ಅಪ್ಪ ಮಂಚದ ಕಂಬಿ ಹಿಡಿದುಕೊಂಡು ನನ್ನ ಕಡೆ ತಿರುಗಿದರು.

"ಖರೇನ? ನನಗ ಒಟ್ಟ ನೆನಪ ಬರವಲ್ದು."

ಅಪ್ಪ ಸುಳ್ಳು ಹೇಳುವವರಲ್ಲ. ಛತ್ರಿಯ ಮೊಳೆ ನೆನಪಿದ್ದ ಅವರಿಗೆ ಇದು ನಿಜವಾಗಿಯೂ ನೆನಪಿರಲಿಲ್ಲ. ಸುಳ್ಳು ಹೇಳಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.