ಲೈಟ್ ತಾಗಬಾರದ ಪೆಟ್ಟಿಗೆ

ಪೂರ್ತಿ ಬೆಳೆದ ಇಲಿಯ ಮಿದುಳಿನಲ್ಲಿ ಹೊಸ ನರಕೋಶ ಹುಟ್ಟುತ್ತದೆಯೇ? ನನ್ನ ಪಿಎಚ್.ಡಿ.ಗೆ ನಾನೇ ಆರಿಸಿಕೊಂಡ ಪ್ರಶ್ನೆ ಇದು. ಹುಟ್ಟುವುದಿಲ್ಲ ಎಂದೇ ಪಠ್ಯಪುಸ್ತಕಗಳು ಹೇಳುತ್ತಿದ್ದವು. ಹುಟ್ಟುವುದಾದರೆ ಅವನ್ನು ಹೆರುವ ತಾಯಿಕೋಶಗಳೂ ಅಲ್ಲೇ ಎಲ್ಲೋ ಇರಬೇಕು. ನನ್ನ ಗೈಡ್‌ಗೆ ನಂಬಿಕೆಯಿರಲಿಲ್ಲ.

“ದಸರೆಯೊಳಗೆ ಏನಾದರೂ ತೋರಿಸಮ್ಮ. ಇಲ್ಲದಿದ್ದರೆ ಇದನ್ನು ಬಿಟ್ಟು ಲಿವರ್ ಮೇಲೆ ಕೆಲಸ ಮಾಡು” ಎಂದಿದ್ದರು.

ಹೊಸ ಕೋಶಗಳು ಮಾತ್ರ ಹೀರಿಕೊಳ್ಳುವ ವಿಕಿರಣಶೀಲ ವಸ್ತುವನ್ನು ಇಲಿಗೆ ಚುಚ್ಚಿ, ಮಿದುಳನ್ನು ತೆಳ್ಳಗೆ ಕೊಯ್ದು, ಸ್ಲೈಡುಗಳ ಮೇಲಿಟ್ಟು, ಫೋಟೋ ಫಿಲ್ಮಿನಂಥ ಲೇಪ ಹಚ್ಚಿದ್ದೆ. ಅವು ಹಲವು ವಾರ ಕತ್ತಲಲ್ಲಿ, ತಣ್ಣಗೆ ಇರಬೇಕು. ಹೊಸ ಕೋಶವಿದ್ದಲ್ಲಿ ಕೊನೆಗೆ ಕಪ್ಪು ಚುಕ್ಕೆ ಮೂಡುತ್ತದೆ. ನಮ್ಮ ವಿಭಾಗದಲ್ಲಿ ದಿನವೂ ಕರೆಂಟ್ ಹೋಗುತ್ತಿತ್ತು. ಅಪ್ಪ ವಿದ್ಯುತ್ ಯೋಜನೆಯ ನೌಕರರು; ಕಾರ್ಗಲ್ಲಿನ ನಮ್ಮ ಕ್ವಾರ್ಟರ್ಸಿನಲ್ಲಿ ಕರೆಂಟ್ ಹೋಗುವುದು ಅಪರೂಪ. ಹಾಗಾಗಿ ರಜೆಯಲ್ಲಿ ಸ್ಲೈಡುಗಳ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಊರಿಗೆ ತಂದೆ. ಫ್ರಿಜ್ಜಿನಲ್ಲಿಟ್ಟು, “ಇದಕ್ಕೆ ಲೈಟ್ ತಾಗಬಾರದು” ಎಂದು ಅಮ್ಮನಿಗೆ ಹೇಳಿದೆ.

ಒಂದು ದಿನ ಸಾಗರ ಪೇಟೆಗೆ ಹೋಗಿ ಬರುವಷ್ಟರಲ್ಲಿ ಬಿಸಿಲು ಬಿದ್ದಿತ್ತು. ಆಷಾಢದಲ್ಲಿ ಬಿಸಿಲು ಕಂಡರೆ ನಮ್ಮ ಕಡೆ ಮನೆಯೇ ಹೊರಗೆ ಬರುತ್ತದೆ. ಅಂಗಳದಲ್ಲಿ ಚಾಪೆ, ಅಪ್ಪನ ಉಣ್ಣೆಕೋಟು, ಪಕ್ಕದಲ್ಲಿ ಒಂದು ಮೊರ. ಮೊರದ ತುಂಬ, ಹಪ್ಪಳ ಹರವಿದ ಹಾಗೆ, ನನ್ನ ಸ್ಲೈಡುಗಳು.

“ಯಾಕಮ್ಮಾ ತೆಗ್ದೆ?”

“ಪೆಟ್ಗೆ ಮೇಲೆ ಬೂಷ್ಟು ಬಂದಿತ್ತು ಕಣೇ. ಒಳಗೂ ಹಿಡ್ದಿರುತ್ತೆ ಅಂತ ಬಿಸ್ಲಿಗಿಟ್ಟೆ. ಒಂದೂ ಒಡ್ದಿಲ್ಲ, ಬೇಕಾರೆ ಎಣಿಸ್ಕೋ.”

“ಲೈಟ್ ತಾಗ್ಬಾರ್ದು ಅಂದಿದ್ನಲ್ಲ.”

“ಲೈಟೆಲ್ಲಿ ಹಾಕ್ದೆ ಮಾರಾಯ್ತಿ? ಹಾಡಹಗಲು ಇದು!”

ಅವಳು ಹೇಳಿದ್ದು ಸರಿ. ನಮ್ಮ ಕಾಲೊನಿಯಲ್ಲಿ ಲೈಟ್ ಎಂದರೆ ಬಲ್ಬು. ಸ್ವಿಚ್ ಒತ್ತಿದರೆ ಬರುವುದು. ಬೆಳಕು ಎನ್ನಬೇಕಿತ್ತು ನಾನು. ಸ್ಲೈಡುಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಹಾಕಿದೆ. ಬಿಸಿಲು ತಾಗಿದ ಲೇಪ ಇಡೀ ಕಪ್ಪಾಗುತ್ತದೆ; ಇನ್ನು ಅವುಗಳಿಂದ ಏನೂ ತಿಳಿಯುವಂತಿರಲಿಲ್ಲ. ಅಮ್ಮ ಕಾಫಿ ತಂದಿಟ್ಟಳು. ಕುಡಿದೆ.

“ಪೆಟ್ಟಿಗೆ ಯಾರು ತೆರೆದರು?” ರಜೆ ಮುಗಿಸಿ ವಿಭಾಗಕ್ಕೆ ಮರಳಿದಾಗ ಗೈಡ್ ಕೇಳಿದರು.

“ನನ್ನ ತಪ್ಪು ಸಾರ್.”

ಚುಚ್ಚಿದ್ದ ಇಲಿಗಳಲ್ಲಿ, ಮೇಣದಲ್ಲಿ ಹುದುಗಿಸಿಟ್ಟ ಒಂದರ ಮಿದುಳು ಮಾತ್ರ ಉಳಿದಿತ್ತು. ಮತ್ತೆ ಕೊಯ್ದೆ, ಮತ್ತೆ ಲೇಪ ಹಚ್ಚಿದೆ, ಮತ್ತೆ ಅದೇ ಬಸ್ಸು. ಈ ಸಲ ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದೆ: ಬಿಸಿಲು ಬೇಡ. ಅಮ್ಮ ಓದಿ, “ಬೂಷ್ಟು ಬಂದ್ರೆ ನನ್ ಕೇಳ್ಬೇಡ” ಎಂದಳು.

ದಸರೆಗೆ ನಾಲ್ಕು ದಿನವಿರುವಾಗ ಗೈಡ್ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಬಹಳ ಹೊತ್ತು ಕೂತರು. ಐದಾರು ಕೋಶಗಳ ಮೇಲೆ ಕಪ್ಪು ಚುಕ್ಕೆಗಳಿದ್ದವು.

“ಕಸವೂ ಇರಬಹುದು. ಇನ್ನೊಂದು ಸಲ ಮಾಡಮ್ಮ” ಎಂದರು.

ಲಿವರಿನ ಮಾತೆತ್ತಲಿಲ್ಲ. ನಾನು ಇಲಿಗಳ ಬೇಡಿಕೆ ಫಾರಂ ಕೇಳಲು ಆಫೀಸಿಗೆ ಹೋದೆ.