ಒಂಬತ್ತನೇ ಕೋಣೆಯ ಚಪ್ಪಲಿ

ಹೋದ ಭಾನುವಾರ ಹಾಡುಹಗಲಲ್ಲಿ ಒಂದು ಜೊತೆ ಹವಾಯಿ ಚಪ್ಪಲಿ ನೋಡಿ ಹೆದರಿಬಿಟ್ಟೆ. ನಗಬೇಡಿ.

ಮೊಮ್ಮಗಳು ಸಹನಾಳಿಗೆ ದೊಡ್ಡಉಳ್ಳಾರ್ತಿ ಕಡೆ ಹುಡುಗಿಯರ ಹಾಸ್ಟೆಲೊಂದರಲ್ಲಿ ಅಸಿಸ್ಟೆಂಟ್ ವಾರ್ಡನ್ ಕೆಲಸ ಸಿಕ್ಕಿ ತಿಂಗಳಾಯಿತು. ಅಲ್ಲೇ ವಾಸ, ಅಲ್ಲೇ ಊಟ. ಮುಂದೆ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿ ಕಲ್ಯಾಣಾಧಿಕಾರಿ ಆಗುವ ಆಸೆ. "ಎಲ್ರೂ ಹಾಸ್ಟೆಲಿಂದಾನೇ ಶುರು ಮಾಡೋದು ತಾತ" ಎನ್ನುತ್ತಾಳೆ. ಎಸ್ಸೆಸ್ಸೆಲ್ಸಿ ಓದಿದ ನಾನೂ ಅಲ್ಲಿಂದಲೇ ಶುರು ಮಾಡಿದ್ದೆ, ಚಳ್ಳಕೆರೆಯ ಒಂದು ಹಾಸ್ಟೆಲಿನ ಮೇಲ್ವಿಚಾರಕನಾಗಿ. (ಅಲ್ಲೇ ಮುಗಿಸಿದೆ ಕೂಡ.)

ಅವಳು ಕೆಲಸಕ್ಕೆ ಹೊರಟ ದಿನ ನನ್ನ ಗುಟ್ಟು ಹೇಳಿಕೊಟ್ಟಿದ್ದೆ. ಹಾಜರಿಗೆ ಕದ ಬಡಿಯುತ್ತಾ ಕೂರಬೇಡ. ಹೊರಗಿನ ಚಪ್ಪಲಿ ನೋಡು. ಜೊತೆ ಇದ್ದರೆ ಟಿಕ್ ಹಾಕು. ಈ ಬಿಸಿಲಲ್ಲಿ, ಈ ಮುಳ್ಳಲ್ಲಿ ಬರಿಗಾಲಲ್ಲಿ ಯಾರು ಹೋಗುತ್ತಾರೆ? ಐವತ್ತು ಕೋಣೆ, ಐದೇ ನಿಮಿಷ!

ಭಾನುವಾರ ಅವಳ ಹಾಸ್ಟೆಲ್ ನೋಡಲು ಹೋದೆ. ಉದ್ದನೆಯ ವರಾಂಡ. ಸುತ್ತಲಿನ ಹುಲ್ಲುಗಾವಲಿನ ಗಾಳಿ ಕಿಟಕಿ ಸಂದಿನಲ್ಲಿ ಗುಂಯ್‌ಗುಡುತ್ತಿತ್ತು. ಹೊರಗೆ ಬೀಗ ಕಾಣದ ಹೊಸ ನಮೂನೆ ಕದಗಳು, ಒಂದೊಂದರ ಮುಂದೂ ಚಪ್ಪಲಿ. ಒಂಬತ್ತನೇ ಕೋಣೆಯ ಮುಂದೆ ನೀಲಿ ಪಟ್ಟಿಯವು. ಎಡಗಾಲಿನ ಪಟ್ಟಿಗೆ ಪಿನ್ನು ಚುಚ್ಚಿತ್ತು.

ಆ ಪಿನ್ನು ನನಗೆ ಗೊತ್ತು.

"ಕದ ಬಡಿಯವ್ವಾ" ಎಂದೆ.

"ಒಳಗೇ ಐದಾಳೆ ತಾತ, ಚಪ್ಪಲಿ ಕಾಣಲ್ವಾ? ನೀವೇ ಹೇಳಿಕೊಟ್ಟು ನೀವೇ ಮರೆತ್ರಾ?" ನಕ್ಕಳು.

ಅಲ್ಲೇ ನಿಂತು ಹೇಳಿಬಿಟ್ಟೆ. ಮೂವತ್ತು ವರ್ಷ ಯಾರಿಗೂ ಹೇಳಿರಲಿಲ್ಲ.

ನಮ್ಮ ಹಾಸ್ಟೆಲಿನಲ್ಲೂ ಒಂಬತ್ತನೇ ಕೋಣೆ. ಮೊಳಕಾಲ್ಮುರಿನ ನೇಕಾರರ ಮನೆಯ ತಿಪ್ಪೇಶ. ಜೊತೆಗಿದ್ದವನು ಶೇಂಗಾ ಕೀಳಲು ಊರಿಗೆ ಹೋಗಿದ್ದ. ಮೂರು ದಿನ ಇಂಥದೇ, ಎಡ ಪಟ್ಟಿಗೆ ಪಿನ್ನು ಚುಚ್ಚಿದ ಚಪ್ಪಲಿ ನೋಡಿ ಟಿಕ್ ಹಾಕಿದೆ. ನಾಲ್ಕನೇ ದಿನ ಅವನಪ್ಪ ಬುತ್ತಿ ಹಿಡಿದು ಬಂದ.

"ಮಾ ಪಿಲ್ಲಗಾಡು, ನನ್ ಮಗ, ಐದಾನಾ ಸಾರ್?"

"ಇರದೆ ಎಲ್ಲಿಗೆ ಹೋಗ್ತಾನೆ? ಓದ್ಕಂತಿರ್ಬೇಕು, ಹೋಗ್ರಿ ಒಳಗೆ."

ಅವನು ಕದ ತಳ್ಳಿದ. ಚಾಪೆ ಸುತ್ತಿಟ್ಟಿತ್ತು. ಮೇಲೆ ತೆಳ್ಳಗೆ ಧೂಳು.

ಪೊಲೀಸರಿಗೆ ನಾನೇನು ಹೇಳಿದೆ? "ಬೆಳಿಗ್ಗೆ ಇದ್ದ ಸಾರ್." ರಿಜಿಸ್ಟರನ್ನೂ ತೋರಿಸಿದೆ. ಕೆಲಸ ಉಳಿಯಬೇಕಲ್ಲ? ಬೆಳಿಗ್ಗೆ ಇದ್ದವನು ಎಷ್ಟು ದೂರ ಹೋಗಿಯಾನು ಅಂತ ಊರ ಸುತ್ತಲೇ ಹುಡುಕಿದರು. ಮೂರು ದಿನ ನಡೆದವನು ಎಲ್ಲಿದ್ದನೋ! ಇವತ್ತಿಗೂ ಸಿಕ್ಕಿಲ್ಲ. ಅವನಪ್ಪ ಚಪ್ಪಲಿಗಳನ್ನು ಹೆಗಲ ವಸ್ತ್ರದಲ್ಲಿ ಸುತ್ತಿ, ಎದೆಗೊತ್ತಿಕೊಂಡು ಬಸ್ ಹತ್ತಿದ.

ಸಹನಾಳ ನಗು ನಿಂತಿತ್ತು. ಕದ ಬಡಿದಳು. ಸದ್ದಿಲ್ಲ. ಮತ್ತೆ ಬಡಿದಳು.

"ಮೇಡಂ?"

ದನಿ ಬಂದದ್ದು ನಮ್ಮ ಬೆನ್ನ ಹಿಂದಿನಿಂದ. ಹೆಗಲಿಗೆ ಬ್ಯಾಗು ಹಾಕಿದ ಹುಡುಗಿ. ಆ ಕೋಣೆಯಲ್ಲಿ ಒಬ್ಬಳೇ ಇರುವವಳು. "ಅವ್ವಗೆ ಹುಷಾರಿರ್ಲಿಲ್ಲ ಮೇಡಂ, ಎರಡು ದಿನ ಪರಶುರಾಂಪುರಕ್ಕೆ ಹೋಗಿದ್ದೆ. ಹೇಳೋದು ಮರೆತೆ. ಬೈಬೇಡ್ರಿ."

ಸಹನಾಳ ರಿಜಿಸ್ಟರಿನಲ್ಲಿ ಆ ಎರಡು ದಿನಕ್ಕೂ ಟಿಕ್ ಇತ್ತು.

ಹುಡುಗಿ ಕೆಳಗೆ ನೋಡಿದಳು. "ಇವು ಯಾರವು? ನನ್ನವಲ್ಲ."

ಇಡೀ ಹಾಸ್ಟೆಲ್ ವಿಚಾರಿಸಿದೆವು. ಯಾರವೂ ಅಲ್ಲ. ಸಹನಾ ಎರಡೂ ಟಿಕ್ಕಿನ ಮೇಲೆ ಗೀಟೆಳೆದು, "ಗೈರು. ನಾನು ಕದ ಬಡಿದು ನೋಡಿರಲಿಲ್ಲ" ಎಂದು ಬರೆದು ಸಹಿ ಮಾಡಿದಳು. ಕೆಲಸ ಹೋದರೂ ಹೋಗಬಹುದು. ನನ್ನ ಕೈಲಾಗದ್ದನ್ನು ತಿಂಗಳಿಗೇ ಮಾಡಿದಳು.

ಅವಳ ತಪ್ಪು ಅಲ್ಲಿಗೆ ಸರಿಹೋಯಿತು. ಆದರೆ ಆ ಎರಡು ದಿನ ಒಂಬತ್ತನೇ ಕೋಣೆಯಲ್ಲಿ ನಾವು ಹಾಜರಿ ಹಾಕಿದ್ದು ಯಾರಿಗೆ?