ಟೀಚರ್ ಕೇಳದೇ ಹೋದ ಮಾತು

ಸೋಮವಾರ ಬಂತೆಂದರೆ ನಮ್ಮ ಸಂಗೀತದ ಟೀಚರ್ ಕತ್ತು ತಿರುಗುತ್ತಿರಲಿಲ್ಲ. ಪಕ್ಕದಲ್ಲಿ ಕೂತವರನ್ನು ಗದರಬೇಕಾದರೂ ನೋವಿನ ಮುಲಾಮಿನ ವಾಸನೆಯೊಂದಿಗೆ ಇಡೀ ಮೈಯೇ ನಮ್ಮ ಕಡೆ ತಿರುಗುತ್ತಿತ್ತು. ದಿಂಬು ಸರಿಯಿಲ್ಲವೇನೋ ಪಾಪ, ಅಂದುಕೊಂಡಿದ್ದೆ. ಭಾನುವಾರ ಪೀಣ್ಯದ ಯಾವುದೋ ಶೆಡ್ಡಿನಲ್ಲಿ ಕೂದಲು ಬಿಚ್ಚಿಕೊಂಡು, ತಲೆ ಕೊಡವಿ ಕೊಡವಿ ಬ್ಯಾಂಡಿನ ಜೊತೆ ಹಾಡ್ತಾರೆ ಅಂತ ಯಾವ ಮಹಾರಾಯ ಊಹಿಸ್ತಾನೆ?

ವರ್ತೂರಿನ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದರು. ಚಿಕ್ಕಂದಿನಿಂದ ಕರ್ನಾಟಕ ಸಂಗೀತ ಕಲಿತವರು. ವಾರವಿಡೀ ಕಾಟನ್ ಸೀರೆ, ಮಕ್ಕಳಿಗೆ ಸರಳೆವರಸೆ. ಭಾನುವಾರ ಕಪ್ಪು ಶರ್ಟು, ಮೊಣಕಾಲುದ್ದದ ಬೂಟು. ಸಿಂಫೋನಿಕ್ ಮೆಟಲ್ ಅಂತೆ: ಗಿಟಾರು, ಡ್ರಮ್ಮುಗಳ ಆರ್ಭಟ, ಅದರ ಮೇಲೆ ಕೀಬೋರ್ಡಿನಲ್ಲಿ ಒಂದು ದಂಡು ಪಿಟೀಲು, ಎಲ್ಲದರ ಮೇಲೆ ಇವರ ದನಿ. ಮೊದಲ ಸಲ ಕೇಳಿದಾಗ ನನಗೆ ತಲೆಬುಡ ತಿಳಿಯಲಿಲ್ಲ, ಮೈ ಮಾತ್ರ ಜುಮ್ಮೆಂದಿತು. ನಮ್ಮಜ್ಜಿ, "ಯಾಕವ್ವಾ ಇಂಗೆ ಕಿರುಚ್ಕೋತದೆ, ಯಾರಾರ ಒಡುದ್ರಾ?" ಅಂದಿತು.

"ಇದೂ ಸಂಗೀತಾನಾ ಟೀಚರ್?"

"ಶ್ರುತಿ ಸೇರಿತ್ತಾ?"

"ಸೇರಿತ್ತು."

"ಮತ್ತೇನು! ಜಂಟಿವರಸೆ ಹೇಳು, ತಲೆಹರಟೆ."

ಅವರಿಗಿದ್ದದ್ದು ಒಂದೇ ಆಸೆ. ತಮಗೆ ಪಾಠ ಹೇಳಿದ ಮೇಷ್ಟ್ರು ಒಂದು ಸಲ ಇದನ್ನು ಕೇಳಬೇಕು. ವೈಟ್‌ಫೀಲ್ಡಿನ ಹಾಲೊಂದಕ್ಕೆ ಮೇಷ್ಟ್ರು ಬಂದೇಬಿಟ್ಟರು. ಪಕ್ಕದಲ್ಲಿ ನಾನು. ಬ್ಯಾಂಡು ಶುರು ಮಾಡಿದ್ದೇ ತಡ, ಟೀಚರ್ ಸ್ಟೇಜಿನಿಂದ ಇಳಿದು ಓಡಿ ಬಂದರು. ಗುರುಗಳು ಎದುರಿಗಿರುವಾಗ ಅಪ್ಪಣೆಯಿಲ್ಲದೆ ಬಾಯಿ ತೆರೆಯುವ ಪದ್ಧತಿಯಿಲ್ಲವಲ್ಲ. ಕಾಲಿಗೆ ಬೀಳುವ ಮುಂಚೆ ಬೂಟು ಕಳಚಲು ಹೋದರೆ ಜಿಪ್ಪು ಸಿಕ್ಕಿಕೊಂಡಿತು. ಪಾಪ, ಆ ಹುಡುಗರು ಬಾರಿಸಿದ್ದನ್ನೇ ಬಾರಿಸುತ್ತಾ ಕಾದರು. ಕೊನೆಗೂ ಕಾಲಿಗೆ ಬಿದ್ದ ಟೀಚರ್ ತಲೆ ಮೇಲೆ ಮೇಷ್ಟ್ರು ಕೈಯಿಟ್ಟರು. ಟೀಚರ್ ಬರಿಗಾಲಲ್ಲಿ ಓಡಿ ಹೋಗಿ ಹಾಡಿದರು. ಮೊದಲ ಹಾಡು ಮುಗಿಯುವ ಮುನ್ನವೇ ಮೇಷ್ಟ್ರು ಎದ್ದು ಹೊರಗೆ ನಡೆದರು.

ಆಮೇಲೆ ಟೀಚರ್ ನನ್ನನ್ನು ಕೇಳುತ್ತಿದ್ದುದು ಒಂದೇ ಪ್ರಶ್ನೆ. "ಕೈ ಇಟ್ರು ತಾನೇ? ಮತ್ಯಾಕೆ ಎದ್ದು ಹೋದ್ರು?"

"ಅವರನ್ನೇ ಕೇಳಿ ಟೀಚರ್."

"ಗುರುಗಳನ್ನ ಹಾಗೆಲ್ಲ ಕೇಳ್ತಾರೇನೇ, ತಿಕ್ಕಲು!"

ಹಬ್ಬಕ್ಕೆ ಮೇಷ್ಟ್ರ ಮನೆಗೆ ಹಣ್ಣು ಹಿಡಿದು ಹೋಗಿ, ನಮಸ್ಕಾರ ಮಾಡಿ, ಏನೂ ಕೇಳದೆ ಬರುತ್ತಿದ್ದರು. ಹಾಡುವುದನ್ನೂ ಬಿಡಲಿಲ್ಲ. ಬ್ಯಾಂಡಿನ ಜೊತೆ ಜರ್ಮನಿಗೆ ಹೋದರು. ಅಲ್ಲಿ ಜನ ಕುಣಿದಾಡಿದರಂತೆ. ಅಲ್ಲಿಂದ ಫೋನು ಮಾಡಿಯೂ ಕೇಳಿದ್ದು, "ಯಾಕೆ ಹೋದ್ರು ಅಂತೀಯ?" ನನಗೇನು ಗೊತ್ತು?

ಹೋದ ವರ್ಷ ಮೆದುಳು ಜ್ವರ ಬಂದು ಟೀಚರ್ ಹೋಗಿಬಿಟ್ಟರು. ಹೋಗುವ ವಯಸ್ಸೇ ಅಲ್ಲ. ತಿಥಿಯ ದಿನ ಮೇಷ್ಟ್ರು ಮೂಲೆಯಲ್ಲಿ ಒಬ್ಬರೇ ಕೂತಿದ್ದರು. ನಾನೇನು ಅವರ ಶಿಷ್ಯೆಯಲ್ಲ, ಕೇಳಿಯೇಬಿಟ್ಟೆ.

"ಎದೇಲಿ ಪೇಸ್‌ಮೇಕರ್ ಇದೆಯಮ್ಮಾ. ಆ ಡ್ರಮ್ಮಿನ ಸದ್ದಿಗೆ ಎದೆ ಅದುರಿ ಹೆದರಿಕೆಯಾಯ್ತು. ಹೊರಗೆ ವಾಚ್‌ಮನ್ ಕುರ್ಚೀಲಿ ಕೂತು ಕೊನೇವರೆಗೂ ಕೇಳಿದೆ. ಏನು ಹಾಡಿದಳು!"

"ಅವರಿಗೆ ಹೇಳ್ಬಾರ್ದಿತ್ತಾ ಸಾರ್?"

"ಶಿಷ್ಯರನ್ನ ಎದುರಿಗೆ ಹೊಗಳಬಾರದಮ್ಮ. ಅವಳಾಗೇ ಕೇಳ್ತಾಳೆ ಅಂತ ಪ್ರತಿ ಹಬ್ಬಕ್ಕೂ ಕಾದೆ."

ಯಾರ ಮೇಲೆ ಸಿಟ್ಟು ಮಾಡಿಕೊಳ್ಳಲಿ? ಇಬ್ಬರ ಮೇಲೂ ಬರುತ್ತದೆ, ಬಂದ ಹಿಂದೆಯೇ ಅಳುವೂ ಬರುತ್ತದೆ.

ಈಗ ಆ ಮಹಡಿಯಲ್ಲಿ ನಾನು ಪಾಠ ಹೇಳುತ್ತೇನೆ. ಯಾವ ಮಗು ಚೆನ್ನಾಗಿ ಹಾಡಿದರೂ ಮುಖದೆದುರೇ "ಸಕ್ಕತ್ತಾಗಿತ್ತು ಕಣೋ" ಅಂದುಬಿಡುತ್ತೇನೆ. ಇದು ಸರಿಯೋ ತಪ್ಪೋ, ಕೇಳೋಣವೆಂದರೆ ಟೀಚರ್ ಇಲ್ಲ.